ನಿಂತ ಕಾರಿನ ಬ್ಯಾಟರಿ ಡೌನ್ ಆಗದಂತೆ ನೋಡಿಕೊಳ್ಳೋದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರು, ಹಾಸನದ ಕಡೆ ಕಾರು ವಾರಗಟ್ಟಲೆ ನಿಲ್ಲೋದು ಹೊಸದೇನಲ್ಲ. ಮೂಡಿಗೆರೆ, ಸಕಲೇಶಪುರದಲ್ಲಿ ಆರಿದ್ರಾ ಮಳೆ ಹಿಡಿದರೆ ತೋಟದ ರಸ್ತೆಗೆ ಜೀಪೇ ಬೇಕು, ಕಾರು ಶೆಡ್ಡಿನಲ್ಲೇ ಇರುತ್ತದೆ. ಮಕ್ಕಳು ಬೆಂಗಳೂರಿನಲ್ಲಿ, ಅಪ್ಪ ಅಮ್ಮ ಊರಲ್ಲಿ, ಕಾರು ಹಬ್ಬಕ್ಕೆ ಮದುವೆಗೆ ಮಾತ್ರ ಹೊರಗೆ ಬರುವ ಮನೆಗಳೂ ಬೇಕಾದಷ್ಟಿವೆ. ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋದವರು ಬರುವಾಗ ಆರು ತಿಂಗಳಾಗಿರುತ್ತದೆ. ಬಂದು ಕೀ ತಿರುಗಿಸಿದರೆ ಟಕ್ ಟಕ್ ಅನ್ನೋ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಇಂಥ ಬ್ಯಾಟರಿಗಳಲ್ಲಿ ಬಹಳಷ್ಟನ್ನು ಉಳಿಸಿಕೊಳ್ಳಬಹುದು. ಖರ್ಚೂ ದೊಡ್ಡದಲ್ಲ. ಜನ ನಿಜವಾಗಿ ಕೇಳುವ ಪ್ರಶ್ನೆಗಳನ್ನೇ ಇಲ್ಲಿ ತೆಗೆದುಕೊಂಡಿದ್ದೇನೆ.

ಕಾರನ್ನು ಮುಟ್ಟೇ ಇಲ್ಲ. ಆದರೂ ಬ್ಯಾಟರಿ ಯಾಕೆ ಇಳಿಯುತ್ತದೆ?

ಎರಡು ಕಾರಣ. ಲೆಡ್ ಆಸಿಡ್ ಬ್ಯಾಟರಿ ಸುಮ್ನೆ ಇಟ್ಟರೂ ತನ್ನಷ್ಟಕ್ಕೆ ಸ್ವಲ್ಪ ಸ್ವಲ್ಪ ಚಾರ್ಜ್ ಕಳೆದುಕೊಳ್ಳುತ್ತದೆ. ಈಗಿನ ಒಳ್ಳೆಯ ಬ್ಯಾಟರಿಗಳಲ್ಲಿ ಇದು ತಿಂಗಳಿಗೆ ಸುಮಾರು ಶೇಕಡ 3ರಿಂದ 5. ಸೆಕೆ ಜಾಸ್ತಿಯಾದರೆ ಇದೂ ಜಾಸ್ತಿ.

ನಿಜವಾದ ಕಾಟ ಎರಡನೆಯದು. ಲಾಕ್ ಮಾಡಿದ ಕಾರು ಪೂರ್ತಿ ಆಫ್ ಆಗಿರುವುದಿಲ್ಲ. ರಿಮೋಟ್ ಒತ್ತಿದ ತಕ್ಷಣ ಬಾಗಿಲು ತೆಗೆಯಬೇಕು ಅಂದರೆ ಅದನ್ನು ಕಾಯುವ ರಿಸೀವರ್ ಎಚ್ಚರವಾಗಿರಬೇಕು ಅಲ್ವಾ? ಅಲಾರಂ, ಗಡಿಯಾರ, ಕಂಪ್ಯೂಟರಿನ ಮೆಮೊರಿ ಎಲ್ಲಕ್ಕೂ ಚೂರು ಚೂರು ಕರೆಂಟು ಬೇಕು. ಸಾಮಾನ್ಯವಾಗಿ ಇದು 20ರಿಂದ 50 ಮಿಲಿ ಆಂಪಿಯರ್. ಕೇಳೋಕೆ ಏನೂ ಅಲ್ಲ. ಆದರೆ 50 ಮಿಲಿ ಆಂಪಿಯರ್ ಅಂದರೆ 24 ಗಂಟೆಗೆ 1.2 ಆಂಪಿಯರ್ ಅವರ್ (ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋದರ ಅಳತೆ ಇದು). ಸಣ್ಣ ಪೆಟ್ರೋಲ್ ಕಾರಿನ ಬ್ಯಾಟರಿ 35 ಆಂಪಿಯರ್ ಅವರ್ ಅಂತ ಇಟ್ಟುಕೊಳ್ಳಿ. ಹದಿನೈದು ದಿನಕ್ಕೆ 18 ಹೋಯಿತು, ಅಂದರೆ ಅರ್ಧ ಖಾಲಿ. ಹೊಸ ಬ್ಯಾಟರಿಯಾದರೆ ಆಗಲೂ ಸೆಲ್ಫ್ ಹೊಡೆಯಬಹುದು. ಮೂರು ವರ್ಷ ಹಳೆಯದಾದರೆ ಅನುಮಾನ.

ಇಳಿದರೆ ಮತ್ತೆ ಚಾರ್ಜ್ ಮಾಡಿದರಾಯಿತು, ಅದರಲ್ಲೇನು?

ಒಂದೆರಡು ದಿನ ಇಳಿದಿದ್ದರೆ ಸರಿ. ವಾರಗಟ್ಟಲೆ ಇಳಿದೇ ಇದ್ದರೆ ಕೆಡುತ್ತದೆ. ಬ್ಯಾಟರಿ ಕರೆಂಟು ಕೊಟ್ಟಾಗಲೆಲ್ಲ ಒಳಗಿನ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಕೂರುತ್ತದೆ. ತಡಮಾಡದೆ ಚಾರ್ಜ್ ಮಾಡಿದರೆ ಅದು ಕರಗಿ ಹೋಗುತ್ತದೆ. ಹಾಗೇ ಬಿಟ್ಟರೆ ಗಟ್ಟಿ ಹರಳಾಗುತ್ತದೆ. ಗಟ್ಟಿಯಾದ ಮೇಲೆ ಎಷ್ಟು ಚಾರ್ಜ್ ಮಾಡಿದರೂ ಪೂರ್ತಿ ಹೋಗುವುದಿಲ್ಲ. ಅಷ್ಟು ಜಾಗ ಬ್ಯಾಟರಿಯಲ್ಲಿ ನಷ್ಟ ಅಂತಲೇ ಲೆಕ್ಕ. ಹಾಗಾಗಿ ಕಾರು ಸ್ಟಾರ್ಟ್ ಆಗುತ್ತಾ ಅಂತ ಮಾತ್ರ ನೋಡಿದರೆ ಸಾಲದು. ಬ್ಯಾಟರಿ ಯಾವಾಗಲೂ ತುಂಬಿರಬೇಕು.

ಎಷ್ಟು ದಿನ ನಿಲ್ಲಿಸಿದರೆ ಯೋಚನೆ ಮಾಡಬೇಕಿಲ್ಲ?

ಬ್ಯಾಟರಿ ಚೆನ್ನಾಗಿದ್ದರೆ ಒಂದು ವಾರ, ಹತ್ತು ದಿನ ಏನೂ ಮಾಡಬೇಡಿ. ಎರಡು ಮೂರು ವಾರ ಅಂದರೆ ನಡುವೆ ಒಂದು ಸಲ ಸರಿಯಾಗಿ ಓಡಿಸಿ. ತಿಂಗಳು ದಾಟುತ್ತದೆ, ಓಡಿಸೋಕೆ ಯಾರೂ ಇಲ್ಲ ಅಂದರೆ ಪೂರ್ತಿ ಚಾರ್ಜ್ ಮಾಡಿ ಮೈನಸ್ ಟರ್ಮಿನಲ್ ಬಿಚ್ಚಿಡಿ. ಶೆಡ್ಡಿನಲ್ಲಿ ಪ್ಲಗ್ ಪಾಯಿಂಟ್ ಇದ್ದು, ಮನೆಯಲ್ಲಿ ನೋಡಿಕೊಳ್ಳೋರು ಇದ್ದರೆ ಆಟೊಮ್ಯಾಟಿಕ್ ಚಾರ್ಜರ್ ಹಾಕಿಡಬಹುದು. ಈ ಮೂರರಲ್ಲಿ ನಿಮಗೆ ಯಾವುದು ಆಗುತ್ತೋ ಅದನ್ನು ಮಾಡಿ.

ದಿನಾ ಬೆಳಗ್ಗೆ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಟ್ಟರೆ ಸಾಕಲ್ವಾ?

ಅತಿ ಹೆಚ್ಚು ಬರುವ ಪ್ರಶ್ನೆ ಇದು. "ತೋಟದ ರೈಟರ್‌ಗೆ ಕೀ ಕೊಟ್ಟಿದ್ದೀನಿ, ದಿನಾ ಸ್ಟಾರ್ಟ್ ಮಾಡ್ತಾರೆ" ಅಂತ ನೆಮ್ಮದಿಯಾಗಿರೋರು ಎಷ್ಟೋ ಜನ. ಇದು ಸಾಕಾಗುವುದಿಲ್ಲ ಅಂತಲೇ ನನ್ನ ಅಭಿಪ್ರಾಯ.

ಸೆಲ್ಫ್ ಹೊಡೆಯೋಕೆ ಬ್ಯಾಟರಿಯಿಂದ ನೂರಾರು ಆಂಪಿಯರ್ ಹೋಗುತ್ತದೆ, ನಿಜ. ಆದರೆ ಅದು ಒಂದೆರಡು ಸೆಕೆಂಡು ಮಾತ್ರ. ಒಟ್ಟು ಲೆಕ್ಕದಲ್ಲಿ ಅದು ತೀರಾ ಕಡಿಮೆ, ನಿಂತಲ್ಲೇ ಓಡಿದರೂ ಬೇಗ ವಾಪಸ್ ಬರುತ್ತದೆ. ವಾಪಸ್ ಬರದೇ ಇರೋದು ವಾರಗಟ್ಟಲೆ ನಿಧಾನವಾಗಿ ಸೋರಿದ ಚಾರ್ಜ್. ಎಂಜಿನ್ ಸ್ಲೋದಲ್ಲಿ ಇದ್ದಾಗ ಆಲ್ಟರ್ನೇಟರ್, ಅಂದರೆ ಎಂಜಿನ್ನಿನಿಂದ ತಿರುಗಿ ಬ್ಯಾಟರಿ ತುಂಬಿಸುವ ಡೈನಮೊ, ತನ್ನ ಪೂರ್ತಿ ಶಕ್ತಿ ಕೊಡುವುದಿಲ್ಲ. ಕೊಟ್ಟದ್ದರಲ್ಲೂ ಫ್ಯುಯೆಲ್ ಪಂಪು, ಇಗ್ನಿಷನ್, ಫ್ಯಾನು ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಇದರ ಜೊತೆ ಲೆಡ್ ಆಸಿಡ್ ಬ್ಯಾಟರಿಯ ಒಂದು ಗುಣ ಇದೆ. ಖಾಲಿ ಇದ್ದಾಗ ಬೇಗ ಚಾರ್ಜ್ ಆಗುತ್ತದೆ, ಮುಕ್ಕಾಲು ದಾಟಿದ ಮೇಲೆ ಬಹಳ ನಿಧಾನ. ಕೊನೆಯ ಭಾಗ ತುಂಬೋಕೆ ಗಂಟೆಗಳೇ ಬೇಕು. ಹತ್ತು ನಿಮಿಷದಲ್ಲಿ ಅದು ಆಗೋ ಕೆಲಸವಲ್ಲ.

ಎಂಜಿನ್ನಿಗೂ ಇದು ಒಳ್ಳೆಯದಲ್ಲ. ಎಂಜಿನ್ ಪೂರ್ತಿ ಬಿಸಿಯಾಗುವ ಮುಂಚೆ ಆಫ್ ಮಾಡಿದರೆ ಒಳಗೆ ಹುಟ್ಟಿದ ನೀರಿನ ಹಬೆ ಆಯಿಲ್‌ನಲ್ಲಿ, ಸೈಲೆನ್ಸರಿನಲ್ಲಿ ಉಳಿದುಬಿಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಮೊದಲೇ ಗಾಳಿ ಪೂರ್ತಿ ತೇವ. ಹೊಸ ಡೀಸೆಲ್ ಕಾರಾದರೆ ಹೊಗೆಯ ಫಿಲ್ಟರ್ ಬೇರೆ ಕಟ್ಟಿಕೊಳ್ಳಬಹುದು.

ಇನ್ನೊಂದು ಮಾತು, ದಯವಿಟ್ಟು ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿ. ಮಳೆ ಬರ್ತಿದೆ ಅಂತ ಶೆಡ್ಡಿನ ಬಾಗಿಲು ಹಾಕಿಕೊಂಡು ಎಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗೊತ್ತಾಗುವಷ್ಟರಲ್ಲಿ ಪ್ರಾಣವೇ ಹೋಗಿರುತ್ತದೆ.

ಹಾಗಾದರೆ ಎಷ್ಟು ಓಡಿಸಬೇಕು?

ವಾರಕ್ಕೋ ಹತ್ತು ದಿನಕ್ಕೋ ಒಂದು ಸಲ, ನಿಲ್ಲಿಸದೆ 45 ನಿಮಿಷದಿಂದ ಒಂದು ಗಂಟೆ. ಹಾಸನದಿಂದ ಬೇಲೂರಿಗೆ ಅಥವಾ ಸಕಲೇಶಪುರಕ್ಕೆ ಸುಮಾರು 40 ಕಿಲೋಮೀಟರ್. ಚಿಕ್ಕಮಗಳೂರಿನಿಂದ ಕಡೂರಿಗೂ ಹೆಚ್ಚುಕಮ್ಮಿ ಅಷ್ಟೇ. ಅಂಥ ರಸ್ತೆಯಲ್ಲಿ ಒಂದು ಸಲ ಹೋಗಿ ಬಂದರೆ ಬ್ಯಾಟರಿಗೂ ಆಯಿತು, ಬ್ರೇಕಿಗೂ ಟೈರಿಗೂ ಆಯಿತು. ಹಾಲು ಹಾಕೋಕೆ ಡೇರಿವರೆಗೆ ಹೋಗಿ ಬಂದದ್ದು ಲೆಕ್ಕಕ್ಕಿಲ್ಲ. ಬ್ಯಾಟರಿ ತುಂಬಲಿ ಅಂತಲೇ ಹೋಗಿದ್ದರೆ ಎಸಿ, ಹಿಂದಿನ ಗಾಜಿನ ಹೀಟರ್ ಬೇಡದಿದ್ದಾಗ ಆಫ್ ಇಡಿ. ಮಂಜಿದ್ದರೆ ಹೆಡ್‌ಲೈಟ್ ಮಾತ್ರ ಹಾಕಲೇಬೇಕು, ಅದರಲ್ಲಿ ಉಳಿತಾಯ ನೋಡಬೇಡಿ.

ಟರ್ಮಿನಲ್ ಬಿಚ್ಚೋದು ಹೇಗೆ? ನಾವೇ ಮಾಡಬಹುದಾ?

ಮಾಡಬಹುದು. ಹೆಚ್ಚಿನ ಕಾರುಗಳಿಗೆ 10 ನಂಬರ್ ಸ್ಪ್ಯಾನರ್ ಒಂದಿದ್ದರೆ ಸಾಕು. ಮೊದಲು ಕಿಟಕಿ ಗಾಜು ಏರಿಸಿ, ಡಿಕ್ಕಿಯಲ್ಲಿ ಬೇಕಾದ್ದೇನಾದರೂ ಇದ್ದರೆ ತೆಗೆದುಕೊಳ್ಳಿ. ಕೆಲವು ಕಾರಿನ ಡಿಕ್ಕಿ ಕರೆಂಟಿಲ್ಲದೆ ತೆರೆಯುವುದಿಲ್ಲ. ಕೀ ಜೇಬಿನಲ್ಲಿರಲಿ. ಇಗ್ನಿಷನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು ಬಾನೆಟ್ ತೆಗೆಯಿರಿ.

ಮೈನಸ್ ಗುರುತಿರುವ ಕಪ್ಪು ವೈರಿನ ಟರ್ಮಿನಲ್ಲನ್ನೇ ಮೊದಲು ಬಿಚ್ಚಬೇಕು. ಇದಕ್ಕೆ ಕಾರಣ ಇದೆ. ಕಾರಿನ ಬಾಡಿ ಪೂರ್ತಿ ಮೈನಸ್ಸಿಗೆ ಸೇರಿದೆ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ತಪ್ಪಿ ಬಾಡಿಗೆ ತಾಗಿದರೆ ನೇರ ಶಾರ್ಟ್, ಕಿಡಿ ಹಾರುತ್ತದೆ, ಸ್ಪ್ಯಾನರೇ ಕೆಂಪಗೆ ಕಾಯಬಹುದು. ಮೈನಸ್ ಬಿಚ್ಚುವಾಗ ಬಾಡಿಗೆ ತಾಗಿದರೆ ಏನೂ ಆಗುವುದಿಲ್ಲ. ಕೈಯಲ್ಲಿ ಉಂಗುರ, ಬಳೆ, ಕಡಗ ಇದ್ದರೆ ತೆಗೆದಿಡಿ. ನಟ್ ಸಡಿಲವಾದ ಮೇಲೆ ಕ್ಲಾಂಪನ್ನು ಆ ಕಡೆ ಈ ಕಡೆ ಸ್ವಲ್ಪ ತಿರುಗಿಸುತ್ತಾ ಮೇಲಕ್ಕೆ ಎತ್ತಿ. ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ, ಸೀಸದ ಕಂಬ ಮೆತ್ತಗಿರುತ್ತದೆ, ಬುಡದಲ್ಲಿ ಬಿರುಕು ಬಿಡಬಹುದು. ಬಿಚ್ಚಿದ ವೈರನ್ನು ಪಕ್ಕಕ್ಕೆ ಬಗ್ಗಿಸಿ ಒಣ ಬಟ್ಟೆ ಸುತ್ತಿ ಕಟ್ಟಿ. ತಾನಾಗಿ ವಾಪಸ್ ಬಂದು ತಾಗಬಾರದು. ಪ್ಲಸ್ ಹಾಗೇ ಇರಲಿ. ಬ್ಯಾಟರಿಯನ್ನೇ ಹೊರಗೆ ತೆಗೆಯುವುದಿದ್ದರೆ ಮಾತ್ರ ಅದನ್ನೂ ಬಿಚ್ಚಬೇಕು. ಹಾಗೆ ಎರಡೂ ಬಿಚ್ಚಿದ್ದರೆ ಹಾಕುವಾಗ ಪ್ಲಸ್ ಮೊದಲು, ಮೈನಸ್ ಕೊನೆಗೆ.

ಹೀಗೆ ಬಿಚ್ಚಿಟ್ಟ ಒಳ್ಳೆಯ ಬ್ಯಾಟರಿ ಮೂರು ತಿಂಗಳು ಆರಾಮಾಗಿ ತಡೆಯುತ್ತದೆ. ಆರು ತಿಂಗಳಾದರೆ ನಡುವೆ ಒಂದು ಸಲ ಚಾರ್ಜ್ ಮಾಡಿಸಿ.

ಬಿಚ್ಚಿದರೆ ಕಾರಿನ ಸೆಟ್ಟಿಂಗ್ ಎಲ್ಲ ಹೋಗುತ್ತಾ?

ಗಡಿಯಾರ, ರೇಡಿಯೊ ಸ್ಟೇಷನ್ ಹೋಗುತ್ತವೆ. ಒಂದೇ ಸಲ ಒತ್ತಿದರೆ ಪೂರ್ತಿ ಏರುವ ಕಿಟಕಿಗಳಿಗೆ ಮತ್ತೆ ಕಲಿಸಬೇಕಾಗಬಹುದು. ಮೊದಲ ಸ್ವಲ್ಪ ಹೊತ್ತು ಎಂಜಿನ್ನಿನ ಸ್ಲೋ ಸ್ಪೀಡ್ ಏರುಪೇರಾಗಬಹುದು, ಓಡಿಸಿದ ಮೇಲೆ ಸರಿಹೋಗುತ್ತದೆ. ಕೆಲವು ಹಳೆಯ ಮ್ಯೂಸಿಕ್ ಸಿಸ್ಟಂಗಳು ಕೋಡ್ ಕೇಳುತ್ತವೆ, ಅದನ್ನು ಮೊದಲೇ ಹುಡುಕಿಟ್ಟುಕೊಳ್ಳಿ. ಅಲಾರಂ, ಜಿಪಿಎಸ್ ಎರಡೂ ಕೆಲಸ ಮಾಡುವುದಿಲ್ಲ ಅನ್ನೋದು ನೆನಪಿರಲಿ.

ಯಾವ ಚಾರ್ಜರ್ ತಗೊಳ್ಳಬೇಕು?

ತಾನೇ ಹಂತ ಬದಲಿಸುವ ಆಟೊಮ್ಯಾಟಿಕ್ ಚಾರ್ಜರ್ ತಗೊಳ್ಳಿ. ಮೊದಲು ಸುಮಾರು 14.4 ವೋಲ್ಟಿನವರೆಗೆ ಏರಿಸಿ ತುಂಬಿಸುತ್ತದೆ. ತುಂಬಿದ ಮೇಲೆ 13.5 ವೋಲ್ಟಿನ ಆಸುಪಾಸಿಗೆ ಇಳಿಸಿಕೊಂಡು ಸೋರಿದಷ್ಟನ್ನು ಮಾತ್ರ ಕೊಡುತ್ತಾ ಇರುತ್ತದೆ. ಇದನ್ನು ವಾರಗಟ್ಟಲೆ ಹಾಕಿಡಬಹುದು. ಬ್ಯಾಟರಿ ಅಂಗಡಿಯಲ್ಲಿ ಕಾಣುವ ದೊಡ್ಡ ಹಳೆ ಕಾಲದ ಚಾರ್ಜರ್ ಬೇರೆ, ಅದು ನಿಲ್ಲಿಸುವವರೆಗೂ ಕರೆಂಟು ತಳ್ಳುತ್ತಲೇ ಇರುತ್ತದೆ. ಅಂಗಡಿಯವರು ಪಕ್ಕದಲ್ಲಿದ್ದು ನೋಡಿಕೊಳ್ಳುತ್ತಾರೆ, ಮನೆಯಲ್ಲಿ ಹಾಕಿ ಮರೆತರೆ ಬ್ಯಾಟರಿ ಕುದ್ದು ನೀರೆಲ್ಲ ಆರಿಹೋಗುತ್ತದೆ.

ಎಷ್ಟು ಆಂಪಿಯರಿನದು? ಬ್ಯಾಟರಿಯ ಆಂಪಿಯರ್ ಅವರ್‌ನ ಹತ್ತನೇ ಒಂದು ಭಾಗ ಅನ್ನೋದು ರೂಢಿಯ ಲೆಕ್ಕ. 35ರ ಬ್ಯಾಟರಿಗೆ ಮೂರೂವರೆ, ದೊಡ್ಡ ಡೀಸೆಲ್ ಗಾಡಿಯ 70ರ ಬ್ಯಾಟರಿಗೆ ಏಳು. ಬರೀ ತುಂಬಿದ್ದನ್ನು ಕಾಪಾಡೋಕಾದರೆ ಒಂದು ಆಂಪಿಯರಿನದೂ ಸಾಕು. ನಿಂತಾಗ ಎಂಜಿನ್ ತಾನೇ ಆಫ್ ಆಗುವ ಕಾರುಗಳಲ್ಲಿ ಸಾಮಾನ್ಯವಾಗಿ ಎಜಿಎಂ ಅಥವಾ ಇಎಫ್‌ಬಿ ಅನ್ನೋ ಬೇರೆ ಬಗೆಯ ಲೆಡ್ ಆಸಿಡ್ ಬ್ಯಾಟರಿ ಇರುತ್ತದೆ. ಚಾರ್ಜರಿನ ಮೇಲೆ ಅದರ ಹೆಸರು ಬರೆದಿದೆಯಾ ನೋಡಿ ಕೊಳ್ಳಿ.

ನಮ್ಮ ಕಡೆ ಲೈನಿಗೆ ಮರ ಬಿದ್ದರೆ ಎರಡು ಮೂರು ದಿನ ಕರೆಂಟಿಲ್ಲ. ಬಂದಾಗ ವೋಲ್ಟೇಜ್ ಏರಿಳಿತ ಬೇರೆ. ಹಾಗಾಗಿ ಕರೆಂಟು ಹೋಗಿ ಬಂದ ಮೇಲೆ ತಾನೇ ಶುರುವಾಗುವ ಚಾರ್ಜರ್ ಬೇಕು. ಕೆಲವಕ್ಕೆ ಪ್ರತಿ ಸಲ ಬಟನ್ ಒತ್ತಬೇಕು, ಅಂಥದ್ದು ಖಾಲಿ ಮನೆಗೆ ಆಗುವುದಿಲ್ಲ. ಸಿಡಿಲಿನ ಕಾಲದಲ್ಲಿ, ಅಂದರೆ ಏಪ್ರಿಲ್ ಮೇ ತಿಂಗಳ ಸಂಜೆ ಮಳೆಗೆ, ಪ್ಲಗ್ ಕಿತ್ತಿಡೋದೇ ಕ್ಷೇಮ. ಮನೆಯಲ್ಲಿ ಯಾರೂ ಇರಲ್ಲ ಅಂದರೆ ಚಾರ್ಜರಿಗಿಂತ ಟರ್ಮಿನಲ್ ಬಿಚ್ಚಿಡೋದೇ ವಾಸಿ.

ಚಾರ್ಜ್ ಆಗುವ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ, ಕಿಡಿ ಯಾವುದೂ ಬೇಡ. ಕ್ಲಿಪ್ ಹಾಕಿದ ಮೇಲೆ ಸ್ವಿಚ್ ಹಾಕಿ, ಸ್ವಿಚ್ ಆರಿಸಿದ ಮೇಲೆ ಕ್ಲಿಪ್ ತೆಗೆಯಿರಿ.

ಮನೆಯ ಇನ್ವರ್ಟರಿಗೆ ಕಾರಿನ ಬ್ಯಾಟರಿ ಸೇರಿಸಿ ಚಾರ್ಜ್ ಮಾಡಬಹುದಾ?

ಬೇಡ. ಇನ್ವರ್ಟರ್ 150ರ ದೊಡ್ಡ ಬ್ಯಾಟರಿಗೆ ಅಂತ ಲೆಕ್ಕ ಹಾಕಿ ಕರೆಂಟು ಕೊಡುತ್ತದೆ, ಸಣ್ಣ ಕಾರಿನ ಬ್ಯಾಟರಿಗೆ ಅದು ಜಾಸ್ತಿ. ಕರೆಂಟು ಹೋದಾಗ ಕಾರಿನ ಬ್ಯಾಟರಿಯಿಂದ ಮನೆ ದೀಪ ಉರಿಸೋದೂ ಬೇಡ. ಅದು ಒಮ್ಮೆಗೇ ದೊಡ್ಡ ಕರೆಂಟು ಕೊಡೋಕೆ ಮಾಡಿದ್ದು, ರಾತ್ರಿಯಿಡೀ ಕೊಟ್ಟು ಖಾಲಿಯಾಗೋಕೆ ಅಲ್ಲ.

ಸೋಲಾರ್ ಪ್ಯಾನೆಲ್ ಹಾಕಿದರೆ?

ನೀವು ಯಾವ ಕಡೆ ಇದ್ದೀರಿ ಅನ್ನೋದರ ಮೇಲೆ ಹೋಗುತ್ತದೆ. ಅರಸೀಕೆರೆ, ಕಡೂರಿನ ಬಯಲಲ್ಲಿ ಇದು ಬಹಳ ಒಳ್ಳೆಯ ದಾರಿ. 10 ವ್ಯಾಟಿನ ಪುಟ್ಟ ಪ್ಯಾನೆಲ್ ಒಳ್ಳೆ ಬಿಸಿಲಲ್ಲಿ ಅರ್ಧ ಆಂಪಿಯರ್ ಕೊಡುತ್ತದೆ. ದಿನಕ್ಕೆ ನಾಲ್ಕೈದು ಗಂಟೆ ಸಿಕ್ಕರೆ ಎರಡು ಆಂಪಿಯರ್ ಅವರ್ ಆಯಿತು. ಕಾರು ಸುಮ್ನೆ ನಿಂತು ತಿನ್ನೋದು 1.2, ಹಾಗಾಗಿ ಮಿಕ್ಕುತ್ತದೆ.

ಮೂಡಿಗೆರೆ, ಕೊಪ್ಪ, ಶೃಂಗೇರಿ, ಸಕಲೇಶಪುರದಲ್ಲಿ ಜೂನಿನಿಂದ ಸೆಪ್ಟೆಂಬರ್‌ವರೆಗೆ ಸೂರ್ಯನನ್ನು ನಂಬಿಕೊಳ್ಳೋಕಾಗಲ್ಲ. ಅದೂ ಸಿಲ್ವರ್ ಓಕ್ ನೆರಳಿನಲ್ಲಿ ಶೆಡ್ ಇದ್ದರೆ ಮಾತೇ ಇಲ್ಲ. ಕಾರು ನಿಲ್ಲುವುದು ಅದೇ ತಿಂಗಳುಗಳಲ್ಲಿ ಆದ್ದರಿಂದ ಮಲೆನಾಡಿನವರಿಗೆ ಇದನ್ನು ನಾನು ಹೇಳುವುದಿಲ್ಲ.

ಹಾಕುವವರು ಚಾರ್ಜ್ ಕಂಟ್ರೋಲರ್ ಸಮೇತ ಹಾಕಿ, ಇಲ್ಲದಿದ್ದರೆ ರಾತ್ರಿ ಬ್ಯಾಟರಿಯ ಕರೆಂಟು ಪ್ಯಾನೆಲ್ಲಿಗೆ ವಾಪಸ್ ಹೋಗಬಹುದು. ಸಿಗರೇಟ್ ಲೈಟರಿನ ಸಾಕೆಟ್ಟಿಗೆ ಚುಚ್ಚುವ ಮುಂಚೆ ಒಂದು ನೋಡಿ. ಬಹಳ ಕಾರುಗಳಲ್ಲಿ ಇಗ್ನಿಷನ್ ಆಫ್ ಆದರೆ ಆ ಸಾಕೆಟ್ಟೂ ಆಫ್. ಆಗ ಪ್ಯಾನೆಲ್ ಇದ್ದೂ ಇಲ್ಲದ ಹಾಗೆ.

ಬ್ಯಾಟರಿ ಎಷ್ಟು ತುಂಬಿದೆ ಅಂತ ತಿಳಿಯೋದು ಹೇಗೆ?

ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಸಾದಾ ಮಲ್ಟಿಮೀಟರ್ ಸಾಕು. ಇದೊಂದನ್ನು ಮನೆಯಲ್ಲಿ ಇಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. ಕಾರು ಓಡಿಸಿದ ತಕ್ಷಣ ನೋಡಬೇಡಿ, ಕೆಲವು ಗಂಟೆ ಬಿಟ್ಟು, ಸಾಧ್ಯವಾದರೆ ಮಾರನೇ ದಿನ ಬೆಳಗ್ಗೆ ನೋಡಿ. ಡಿಸಿ 20 ವೋಲ್ಟಿಗೆ ತಿರುಗಿಸಿ ಕೆಂಪು ಮೊನೆ ಪ್ಲಸ್ಸಿಗೆ, ಕಪ್ಪು ಮೊನೆ ಮೈನಸ್ಸಿಗೆ ಹಿಡಿಯಿರಿ. 12.6 ಅಥವಾ ಮೇಲೆ ಬಂದರೆ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅಂದರೆ ಅರ್ಧ, ಇವತ್ತೇ ಚಾರ್ಜ್ ಮಾಡಿ. 12ಕ್ಕಿಂತ ಕೆಳಗೆ ಹೋದರೆ ಆಗಲೇ ಪೆಟ್ಟು ಬೀಳುತ್ತಿದೆ.

ಎಂಜಿನ್ ಓಡುತ್ತಿರುವಾಗ ಅದೇ ಜಾಗದಲ್ಲಿ 13.8ರಿಂದ 14.4 ಬಂದರೆ ಆಲ್ಟರ್ನೇಟರ್ ಸರಿ ಇದೆ. ಹೊಸ ಕಾರುಗಳಲ್ಲಿ ಕಂಪ್ಯೂಟರ್ ಇದನ್ನು ಬೇಕಾದಂತೆ ಏರಿಸಿ ಇಳಿಸುತ್ತದೆ, ಒಂದು ಸಲ ಕಡಿಮೆ ಕಂಡರೆ ಗಾಬರಿ ಬೇಡ. ಸೆಲ್ಫ್ ಹೊಡೆಯುವಾಗ ಮಾತ್ರ ಒಬ್ಬರು ಮೀಟರ್ ನೋಡುತ್ತಿರಲಿ. ತುಂಬಿದ ಬ್ಯಾಟರಿಯೂ ಆಗ 9.6ಕ್ಕಿಂತ ಕೆಳಗೆ ಕುಸಿದರೆ ಅದಕ್ಕೆ ವಯಸ್ಸಾಗಿದೆ.

ಎರಡೇ ದಿನಕ್ಕೆ ಡೌನ್ ಆಗುತ್ತೆ. ಯಾಕೆ?

ಎಲ್ಲೋ ಕರೆಂಟು ಸೋರುತ್ತಿದೆ. ಮೊದಲು ಡಿಕ್ಕಿಯ ದೀಪ, ಡ್ಯಾಶ್‌ಬೋರ್ಡಿನ ಡಬ್ಬಿಯ ದೀಪ ನೋಡಿ. ಮೊಬೈಲಿನಲ್ಲಿ ವಿಡಿಯೊ ಆನ್ ಮಾಡಿ ಡಿಕ್ಕಿಯೊಳಗಿಟ್ಟು ಮುಚ್ಚಿ, ದೀಪ ಆರಿತಾ ಅಂತ ಆಮೇಲೆ ತಿಳಿಯುತ್ತದೆ. ಆಮೇಲೆ ಹೊರಗಡೆ ಹಾಕಿಸಿದ ಸಾಮಾನು. ಡ್ಯಾಶ್‌ಕ್ಯಾಮ್, ಜಿಪಿಎಸ್, ಆಂಪ್ಲಿಫೈಯರ್, ಹೆಚ್ಚುವರಿ ಫಾಗ್ ಲ್ಯಾಂಪು. ನೇರ ಬ್ಯಾಟರಿಯಿಂದ ವೈರ್ ಎಳೆದಿದ್ದರೆ ಅದು ಹಗಲು ರಾತ್ರಿ ತಿನ್ನುತ್ತಲೇ ಇರುತ್ತದೆ. ಬಟನ್ ಸ್ಟಾರ್ಟ್ ಕಾರಿನ ಕೀಯನ್ನು ಶೆಡ್ಡಿನ ಗೋಡೆಯ ಮೊಳೆಗೆ ನೇತುಹಾಕಬೇಡಿ. ಕೀ ಹತ್ತಿರವೇ ಇದ್ದರೆ ಕೆಲವು ಕಾರುಗಳು ಸರಿಯಾಗಿ ನಿದ್ದೆಗೆ ಹೋಗುವುದಿಲ್ಲ.

ಇವೆಲ್ಲ ಸರಿ ಇದ್ದರೆ ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಮೀಟರನ್ನು ಮೈನಸ್ ವೈರಿನ ನಡುವೆ ಸೇರಿಸಿ, ಕಾರಿನ ಕಂಪ್ಯೂಟರುಗಳು ಮಲಗಲಿ ಅಂತ ಅರ್ಧ ಗಂಟೆ ಬಿಟ್ಟು, ಒಂದೊಂದೇ ಫ್ಯೂಸ್ ತೆಗೆದು ನೋಡುತ್ತಾರೆ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದೆ

ತೇವ ಇರುವ ಊರುಗಳಲ್ಲಿ ಇದು ಜಾಸ್ತಿ. ಆಸಿಡ್ ಆವಿ ಲೋಹವನ್ನು ತಿಂದ ಗುರುತು ಅದು. ಬರಿಗೈಯಲ್ಲಿ ಮುಟ್ಟಬೇಡಿ. ಟರ್ಮಿನಲ್ ಬಿಚ್ಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಬುಸ್ ಅಂತ ನೊರೆ ಬರುತ್ತದೆ. ನೊರೆ ನಿಂತ ಮೇಲೆ ಒರೆಸಿ ಒಣಗಿಸಿ, ಬಿಗಿ ಮಾಡಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಸೋಡಾ ನೀರು ಬ್ಯಾಟರಿ ಒಳಗೆ ಹೋಗಬಾರದು.

ಮುಚ್ಚಳ ತೆಗೆಯಲು ಬರುವ ಬ್ಯಾಟರಿಯಾದರೆ ನೀರಿನ ಮಟ್ಟವನ್ನೂ ನೋಡಿ. ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ನಮ್ಮ ಬಾವಿ ನೀರು ಎಷ್ಟು ಶುದ್ಧ ಅಂದರೂ ಅದರಲ್ಲಿ ಲವಣ ಇದೆ. ಆಸಿಡ್ ಅಂತೂ ಹಾಕಲೇಬೇಡಿ.

ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲೆ ಇಟ್ಟರೆ ಇಳಿಯುತ್ತಾ?

ಇಲ್ಲ. ಹಿಂದೆ ಮರದ, ರಬ್ಬರಿನ ಡಬ್ಬಿಗಳ ಕಾಲದ ಮಾತು ಅದು. ಈಗಿನ ಪ್ಲಾಸ್ಟಿಕ್ ಡಬ್ಬಿಗೆ ನೆಲದಿಂದ ತೊಂದರೆ ಇಲ್ಲ. ಮಕ್ಕಳ ಕೈಗೆ ಸಿಗದ, ತಂಪಾದ, ಒಣಗಿದ ಜಾಗ ಆದರೆ ಸಾಕು.

ಇಲಿ ಕಾಟಕ್ಕೆ ಏನು ಮಾಡೋದು?

ಮಳೆಗಾಲದಲ್ಲಿ ನಿಂತ ಕಾರಿನ ಬಾನೆಟ್ ತೆಗೆದರೆ ಬ್ಯಾಟರಿಯ ಪಕ್ಕ ಒಣ ಹುಲ್ಲು, ಗೋಣಿಚೀಲದ ನಾರು, ಅರ್ಧ ತಿಂದ ಅಡಕೆ ಕಾಣೋದು ಅಪರೂಪವಲ್ಲ. ವೈರಿನ ಮೇಲಿನ ಪ್ಲಾಸ್ಟಿಕ್ ಕಡಿದರೆ ಶಾರ್ಟ್ ಆಗಿ ಬ್ಯಾಟರಿ ಇಳಿಯುತ್ತದೆ, ಬೆಂಕಿಯ ಭಯವೂ ಇದೆ. ವಾರಕ್ಕೊಮ್ಮೆ ಬಾನೆಟ್ ತೆಗೆದು ನೋಡಿ. ಅಕ್ಕಿ, ಭತ್ತ, ಹಿಂಡಿ ಚೀಲ ಇಡುವ ಕೋಣೆಯಲ್ಲಿ ಕಾರು ನಿಲ್ಲಿಸಬೇಡಿ. ತಿಂಗಳುಗಟ್ಟಲೆ ನಿಲ್ಲುವ ಕಾರಿಗೆ ಟರ್ಮಿನಲ್ ಬಿಚ್ಚಿಡಲು ಇದೂ ಒಂದು ಕಾರಣ.

ಡೌನ್ ಆಗೇ ಹೋಯಿತು. ಈಗ ಏನು ಮಾಡಲಿ?

ರಿಮೋಟ್ ಕೆಲಸ ಮಾಡದಿದ್ದರೆ ರಿಮೋಟಿನೊಳಗೇ ಒಂದು ಕಬ್ಬಿಣದ ಕೀ ಇರುತ್ತದೆ, ಡ್ರೈವರ್ ಬಾಗಿಲಿಗೆ ಅದು ಆಗುತ್ತದೆ. ಆಮೇಲೆ ಜಂಪರ್ ಕೇಬಲ್. ಕೆಂಪು ಕೇಬಲ್ಲಿನ ಒಂದು ತುದಿ ಡೌನ್ ಆದ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಒಳ್ಳೆ ಬ್ಯಾಟರಿಯ ಪ್ಲಸ್ಸಿಗೆ. ಕಪ್ಪು ಕೇಬಲ್ ಒಳ್ಳೆ ಬ್ಯಾಟರಿಯ ಮೈನಸ್ಸಿಗೆ. ಅದರ ಕೊನೆಯ ತುದಿಯನ್ನು ಡೌನ್ ಆದ ಬ್ಯಾಟರಿಗೆ ಹಾಕಬೇಡಿ, ಆ ಕಾರಿನ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ ಹಾಕಿ. ಕೊನೆಯ ಕ್ಲಿಪ್ಪಿನಲ್ಲಿ ಕಿಡಿ ಬರುತ್ತದೆ, ಅದು ಹೈಡ್ರೋಜನ್ ಇರುವಲ್ಲಿ ಬರಬಾರದು. ಐದು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿ. ಸ್ಟಾರ್ಟ್ ಆದ ಮೇಲೆ ಹಾಕಿದ್ದಕ್ಕೆ ತಿರುವುಮುರುವಾಗಿ ತೆಗೆಯಿರಿ.

ಒಳ್ಳೆ ಬ್ಯಾಟರಿ ಯಾವುದರದ್ದು ಅನ್ನೋದು ಮುಖ್ಯ. ಇನ್ನೊಂದು ಕಾರು ಆಗುತ್ತದೆ, 12 ವೋಲ್ಟಿನ ಟ್ರ್ಯಾಕ್ಟರೂ ಆಗುತ್ತದೆ. ಲಾರಿ, ಬಸ್ಸಿನಿಂದ ಎಂದಿಗೂ ಬೇಡ. ಅವುಗಳಲ್ಲಿ ಹೆಚ್ಚಿನವುಗಳದ್ದು 24 ವೋಲ್ಟ್, ನಿಮ್ಮ ಕಾರಿನ ಕಂಪ್ಯೂಟರ್ ಸುಟ್ಟುಹೋಗಬಹುದು.

ಇಳಿಜಾರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡೋದು ನಮ್ಮ ಕಡೆ ರೂಢಿ. ಮ್ಯಾನುಯಲ್ ಗೇರಿನ ಹಳೆ ಗಾಡಿಗೆ ಎರಡನೇ ಗೇರಿನಲ್ಲಿ ಆಗಬಹುದು. ಆಟೊಮ್ಯಾಟಿಕ್ ಗೇರಿಗೆ ಆಗುವುದೇ ಇಲ್ಲ. ಎಂಜಿನ್ ಆಫ್ ಇದ್ದಾಗ ಬ್ರೇಕಿನ ಪವರ್ ಒಂದೆರಡು ಸಲ ತುಳಿದರೆ ಮುಗಿಯಿತು, ಸ್ಟೇರಿಂಗೂ ಬಿಗಿಯಾಗುತ್ತದೆ. ಘಾಟಿಯ ರಸ್ತೆಯಲ್ಲಿ, ಒದ್ದೆ ಇಳಿಜಾರಿನಲ್ಲಿ ಇದನ್ನು ಮಾಡಬೇಡಿ.

ಸ್ಟಾರ್ಟ್ ಆಯಿತು ಅಂತ ಅಲ್ಲಿಗೇ ಬಿಡಬೇಡಿ. ಪೂರ್ತಿ ಇಳಿದ ಬ್ಯಾಟರಿಯನ್ನು ಅದೇ ದಿನ ಅಂಗಡಿಗೆ ಕೊಟ್ಟು ನಿಧಾನವಾಗಿ ಚಾರ್ಜ್ ಮಾಡಿಸಿ. ಚಾರ್ಜ್ ಆಗಿ ಒಂದು ರಾತ್ರಿ ಇಟ್ಟ ಮೇಲೆ ವೋಲ್ಟೇಜ್ ನಿಂತರೆ ಉಳಿದಿದೆ. ತಾನಾಗಿ 10.5ರ ಹತ್ತಿರಕ್ಕೆ ಇಳಿದರೆ ಆರು ಸೆಲ್ಲಿನಲ್ಲಿ ಒಂದು ಹೋಗಿದೆ, ಬದಲಾಯಿಸಲೇಬೇಕು.

ಎಲೆಕ್ಟ್ರಿಕ್ ಕಾರಿಗೆ ಈ ತಲೆನೋವು ಇಲ್ಲ ಅಲ್ವಾ?

ಇದೆ. ದೊಡ್ಡ ಬ್ಯಾಟರಿಯ ಜೊತೆ ಅದಕ್ಕೂ 12 ವೋಲ್ಟಿನ ಸಣ್ಣ ಬ್ಯಾಟರಿ ಇರುತ್ತದೆ. ಅದು ಇಳಿದರೆ ದೊಡ್ಡದು ತುಂಬಿದ್ದರೂ ಕಾರು ಏಳುವುದಿಲ್ಲ. ಕೆಲವು ಕಾರುಗಳು ದೊಡ್ಡದರಿಂದ ಸಣ್ಣದನ್ನು ಆಗಾಗ ತುಂಬಿಕೊಳ್ಳುತ್ತವೆ, ಎಲ್ಲವೂ ಅಲ್ಲ. ಕಾರಿನ ಜೊತೆ ಬಂದ ಪುಸ್ತಕದಲ್ಲಿ ಹೇಳಿದಂತೆ ಮಾಡಿ.

ಬ್ಯಾಟರಿ ಜೊತೆ ಇನ್ನೇನು ನೋಡಬೇಕು?

ಹ್ಯಾಂಡ್‌ಬ್ರೇಕ್ ಎಳೆದಿಟ್ಟು ಹೋಗಬೇಡಿ, ಮಳೆಗಾಲದಲ್ಲಿ ಬ್ರೇಕು ಹಿಂದಿನ ಚಕ್ರದ ಡ್ರಮ್ಮಿಗೆ ಹಿಡಿದುಕೊಳ್ಳುತ್ತದೆ. ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ. ಟೈರಿಗೆ ಗಾಳಿ ತುಂಬಿಸಿಡಿ.

ಹಳೇ ಬ್ಯಾಟರಿಯನ್ನು ಗುಜರಿಗೆ ಹಾಕಬಹುದಾ?

ಹೊಸದು ಕೊಳ್ಳುವ ಅಂಗಡಿಗೇ ವಾಪಸ್ ಕೊಡಿ. ಹಳೆಯದಕ್ಕೆ ದುಡ್ಡು ಹಿಡಿದುಕೊಂಡು ಬೆಲೆ ಇಳಿಸುತ್ತಾರೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣೆ ನಿಯಮಗಳ ಪ್ರಕಾರ ಹಳೆ ಬ್ಯಾಟರಿಗಳನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಒಡೆದು ಸೀಸ ತೆಗೆಯುವವರ ಕೈಗೆ ಸಿಕ್ಕರೆ ಆಸಿಡ್ ನೆಲಕ್ಕೆ ಹೋಗುತ್ತದೆ, ಸೀಸದ ಪುಡಿ ಗಾಳಿಗೆ ಸೇರುತ್ತದೆ. ಹೇಮಾವತಿ, ಭದ್ರಾ, ತುಂಗಾ ಎಲ್ಲ ಹುಟ್ಟುವುದು ನಮ್ಮ ಬೆಟ್ಟಗಳಲ್ಲೇ. ತೋಟದ ಮೂಲೆಯಲ್ಲಿ, ಹಳ್ಳದ ದಂಡೆಯಲ್ಲಿ ಬಿದ್ದಿರುವ ಹಳೆ ಬ್ಯಾಟರಿ ಇದ್ದರೆ, ನೇರವಾಗಿ ನಿಲ್ಲಿಸಿ ಗಟ್ಟಿ ಪ್ಲಾಸ್ಟಿಕ್ ಬಕೆಟ್ಟಿನಲ್ಲಿಟ್ಟು, ಮುಂದಿನ ಸಲ ಪೇಟೆಗೆ ಹೋಗುವಾಗ ಅಂಗಡಿಗೆ ತಲುಪಿಸಿ.